ನಿಮಗಿದು ಗೊತ್ತೇ? ಡಬ್ಬಿಯ ಮೇಲೆ 300, ಒಳಗೆ 450

1998ರ ಆಗಸ್ಟಿನಲ್ಲಿ ಇಂಟೆಲ್ ಬಿಟ್ಟ ಸೆಲೆರಾನ್ 300ಎ ಪ್ರೊಸೆಸರಿನ ಸಗಟು ಬೆಲೆ 149 ಡಾಲರ್. ಡಬ್ಬಿಯ ಮೇಲಿದ್ದ ವೇಗ 300 ಮೆಗಾಹರ್ಟ್ಸ್. ಮದರ್‌ಬೋರ್ಡಿನ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸಿಗೆ ಏರಿಸಿದರೆ ಸಾಕು, ಅದೇ ಚಿಪ್ 450 ಮೆಗಾಹರ್ಟ್ಸಿನಲ್ಲಿ ಓಡುತ್ತಿತ್ತು. ಅದೇ ತಿಂಗಳು ಬಂದ 450 ಮೆಗಾಹರ್ಟ್ಸಿನ ಪೆಂಟಿಯಮ್-2 ಎಷ್ಟಿತ್ತು ಗೊತ್ತೇ? 669 ಡಾಲರ್! ಪೆಂಟಿಯಮ್‌ಗೆ 512 ಕಿಲೋಬೈಟ್ ಕ್ಯಾಶ್, ಅಂದರೆ ಪ್ರೊಸೆಸರಿಗೆ ಹತ್ತಿರದ ವೇಗದ ಸ್ಮೃತಿ, ಇತ್ತು ನಿಜ. ಆದರೆ ಆ ಕ್ಯಾಶ್ ಪ್ರೊಸೆಸರಿನ ಅರ್ಧ ವೇಗದಲ್ಲಿ ಕೆಲಸ ಮಾಡುತ್ತಿತ್ತು. ಸೆಲೆರಾನಿನದು ಬರೀ 128 ಕಿಲೋಬೈಟ್, ಆದರೆ ಪೂರ್ತಿ ವೇಗದ್ದು. ಆಟಗಳಲ್ಲಿ ಎರಡೂ ಹೆಚ್ಚುಕಡಿಮೆ ಸಮಸಮ. ಗೇಮ್ ಹುಚ್ಚಿನ ಹುಡುಗರು ಬಿಟ್ಟಾರೆಯೇ? ಓವರ್‌ಕ್ಲಾಕಿಂಗ್ ಎಂಬ ಚಟ ಮನೆಮನೆಗೆ ಹರಡಿದ್ದೇ ಈ ಚಿಪ್ಪಿನಿಂದ ಎನ್ನುವವರಿದ್ದಾರೆ.

ಒಂದೂವರೆ ಪಟ್ಟು ಓಡಬಲ್ಲ ಚಿಪ್ಪಿನ ಮೇಲೆ ತಯಾರಿಸಿದವರೇ ಕಡಿಮೆ ಅಂಕಿ ಬರೆದದ್ದು ಯಾಕೆ? ದಡ್ಡತನವೇ, ಎಚ್ಚರವೇ, ವ್ಯಾಪಾರವೇ? ದಡ್ಡತನವಂತೂ ಅಲ್ಲ. ಉಳಿದೆರಡರ ಪಾಲು ಎಷ್ಟೆಷ್ಟು ಎಂಬುದರಲ್ಲಿದೆ ಸ್ವಾರಸ್ಯ.

*

ಮೊಟ್ಟಮೊದಲ ಐಬಿಎಂ ಪಿಸಿಯೇ ತನ್ನ ಶಕ್ತಿಗಿಂತ ನಿಧಾನವಾಗಿ ಓಡುತ್ತಿತ್ತು ಎಂದರೆ ನಂಬುತ್ತೀರಾ? 1981ರ ಆ ಯಂತ್ರದಲ್ಲಿದ್ದ 8088 ಚಿಪ್ 5 ಮೆಗಾಹರ್ಟ್ಸಿಗೆ ಯೋಗ್ಯವಾಗಿತ್ತು. ಓಡಿದ್ದು 4.77ರಲ್ಲಿ. ಕಾರಣ ಟೀವಿ! ಅಮೆರಿಕದ ಬಣ್ಣದ ಟೀವಿಗೆ ಹೊಂದುವ ಸಂಕೇತಕ್ಕಾಗಿ ಯಂತ್ರದೊಳಗೆ 14.318 ಮೆಗಾಹರ್ಟ್ಸಿನ ಒಂದು ಹರಳು ಇತ್ತು. ಅದನ್ನು ನಾಲ್ಕರಿಂದ ಭಾಗಿಸಿದರೆ ಟೀವಿಯ ಬಣ್ಣಕ್ಕೆ ಬೇಕಾದ ಅಂಕಿ, ಮೂರರಿಂದ ಭಾಗಿಸಿದರೆ 4.77. ಇನ್ನೊಂದು ಹರಳಿನ ಖರ್ಚು ಉಳಿಯಿತು.

*

ಮೂರು ವರ್ಷದ ಬಳಿಕ, 1984ರಲ್ಲಿ, 6 ಮೆಗಾಹರ್ಟ್ಸಿನ ಪಿಸಿ-ಎಟಿ ಬಂತು. ಅದರ ಹರಳನ್ನು ಕಿತ್ತು 16 ಮೆಗಾಹರ್ಟ್ಸಿನ ಇನ್ನೊಂದನ್ನು ಚುಚ್ಚಿದರೆ ಯಂತ್ರ 8 ಮೆಗಾಹರ್ಟ್ಸಿಗೆ ಜಿಗಿಯುತ್ತಿತ್ತು. ಕೆಲವೇ ಡಾಲರುಗಳ ಕೆಲಸ. ಐಬಿಎಂ ಸುಮ್ಮನೆ ಕೂರಲಿಲ್ಲ. ಯಂತ್ರ ಚಾಲೂ ಆದೊಡನೆ ಮೊದಲು ಓಡುವ ಬಯಾಸ್ ತಂತ್ರಾಂಶದ ಮುಂದಿನ ಆವೃತ್ತಿಯಲ್ಲಿ, ಯಂತ್ರ ನಿಗದಿಗಿಂತ ಜೋರಾಗಿ ಓಡುತ್ತಿದೆಯೇ ಎಂದು ನೋಡುವ ಪರೀಕ್ಷೆಯನ್ನೇ ಸೇರಿಸಿತು. ಬಳಕೆದಾರ ಮತ್ತು ಕಂಪನಿಯ ಕಳ್ಳ-ಪೊಲೀಸ್ ಆಟ ಶುರುವಾದದ್ದು ಹೀಗೆ.

*

ಪ್ರೊಸೆಸರಿನ ವೇಗವನ್ನು ಕಾರ್ಖಾನೆಯಲ್ಲಿ ಯಾರೂ ತಯಾರಿಸುವುದಿಲ್ಲ, ತಯಾರಾದ ಮೇಲೆ ಪತ್ತೆ ಹಚ್ಚುತ್ತಾರೆ. 300 ಮಿಲಿಮೀಟರ್ ಅಗಲದ ಒಂದು ಸಿಲಿಕಾನ್ ವೇಫರಿನ ಮೇಲೆ ನೂರಾರು ಚಿಪ್ಪುಗಳು ಒಟ್ಟಿಗೆ ಮೂಡುತ್ತವೆ. ವಿನ್ಯಾಸ ಒಂದೇ, ಯಂತ್ರಗಳು ಒಂದೇ, ಮುಗಿದ ದಿನವೂ ಒಂದೇ. ಆದರೂ ಯಾವ ಎರಡೂ ಚಿಪ್ಪು ಒಂದೇ ತೆರನಾಗಿ ಇರುವುದಿಲ್ಲ. ಎಲ್ಲೋ ಒಂದು ಪದರ ಕೂದಲೆಳೆಗಿಂತ ಸಾವಿರಾರು ಪಟ್ಟು ಸಣ್ಣ ಅಳತೆಯಲ್ಲಿ ದಪ್ಪವಾಗಿರುತ್ತದೆ, ಎಲ್ಲೋ ತೆಳುವಾಗಿರುತ್ತದೆ. ಆ ವ್ಯತ್ಯಾಸವೇ ಒಂದನ್ನು ಓಟಗಾರನನ್ನಾಗಿ, ಇನ್ನೊಂದನ್ನು ನಡಿಗೆಯವನನ್ನಾಗಿ ಮಾಡುತ್ತದೆ. ಕಂಪನಿಯ ಪರೀಕ್ಷಾ ಯಂತ್ರಗಳು ಪ್ರತಿ ಚಿಪ್ಪನ್ನೂ ಬೇರೆ ಬೇರೆ ವೇಗ, ವೋಲ್ಟೇಜು, ಬಿಸಿಯಲ್ಲಿ ಓಡಿಸಿ ನೋಡಿ ದರ್ಜೆ ಕೊಡುತ್ತವೆ. ಈ ಕೆಲಸಕ್ಕೆ ಬಿನ್ನಿಂಗ್ ಎನ್ನುತ್ತಾರೆ. ಶಿವಮೊಗ್ಗದ ಮಂಡಿಯಲ್ಲಿ ಒಂದೇ ತೋಟದ ಅಡಿಕೆ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬೇರೆ ಬೇರೆ ಗುಡ್ಡೆಯಾಗಿ ಬೇರೆ ಬೇರೆ ದರಕ್ಕೆ ಹೋಗುವುದಿಲ್ಲವೇ, ಹಾಗೆ.

ಆದರೆ ಅಡಿಕೆ ಮಂಡಿಯಲ್ಲಿ ನಡೆಯದ ಒಂದು ವಿಚಿತ್ರ ಇಲ್ಲಿ ನಡೆಯುತ್ತದೆ. ಕಾರ್ಖಾನೆಯ ಕೈ ಪಳಗಿದಂತೆ ಉತ್ತಮ ದರ್ಜೆಯ ಚಿಪ್ಪುಗಳ ಸಂಖ್ಯೆ ಏರುತ್ತದೆ, ಗಿರಾಕಿಗಳು ಮಾತ್ರ ಅಗ್ಗದ್ದನ್ನೇ ಕೇಳುತ್ತಾರೆ. ಆಗ ಕಂಪನಿ ಒಳ್ಳೆಯ ಚಿಪ್ಪಿಗೇ ಕೆಳದರ್ಜೆಯ ಚೀಟಿ ಅಂಟಿಸಿ ಮಾರುತ್ತದೆ! 149 ಡಾಲರಿನ ಗಿರಾಕಿಯನ್ನು ಕಳೆದುಕೊಳ್ಳಲೂ ಆಗದು, 669 ಡಾಲರ್ ಕೊಡುವವನ ಬೆಲೆ ಇಳಿಸಲೂ ಮನಸ್ಸು ಬಾರದು. ಸೆಲೆರಾನ್ 300ಎ ಒಳಗೆ 450 ಅಡಗಿದ್ದರ ಗುಟ್ಟಿನ ಒಂದು ಪಾಲು ಇದು.

*

ಇನ್ನೊಂದು ತಮಾಷೆ. ವಿದ್ಯುತ್ ಹೆಚ್ಚು ಸೋರುವ ಚಿಪ್ಪುಗಳೇ ಅನೇಕ ವೇಳೆ ಜೋರಾಗಿ ಓಡುತ್ತವೆ. ಸೋರಿಕೆ ಕಡಿಮೆ ಇರುವ ಸಾಧು ಚಿಪ್ಪುಗಳು ಸ್ವಲ್ಪ ನಿಧಾನ, ಆದರೆ ಬ್ಯಾಟರಿಗೆ ಹಿತ. ಹಾಗಾಗಿ ಲ್ಯಾಪ್‌ಟಾಪಿಗೆ ಹೋದದ್ದು ಕಳಪೆ, ಡೆಸ್ಕ್‌ಟಾಪಿಗೆ ಹೋದದ್ದು ಶ್ರೇಷ್ಠ ಎನ್ನುವಂತಿಲ್ಲ.

*

ವೇಗವನ್ನಷ್ಟೇ ಅಲ್ಲ, ಅಂಗಗಳನ್ನೂ ಕಟ್ಟಿಹಾಕಿ ಮಾರುವುದುಂಟು. 1991ರ 486ಎಸ್‌ಎಕ್ಸ್ ಚಿಪ್ಪಿನಲ್ಲಿ ದಶಮಾಂಶ ಗಣಿತದ ಘಟಕ ನಿಷ್ಕ್ರಿಯವಾಗಿತ್ತು. ಆ ಘಟಕ ಬೇಕಾದವರಿಗೆ 487ಎಸ್‌ಎಕ್ಸ್ ಎಂಬ ಸಹಾಯಕ ಚಿಪ್ ಬೇರೆ ಮಾರುತ್ತಿದ್ದರು. ಆ 'ಸಹಾಯಕ' ಅಸಲಿಗೆ ಪೂರ್ಣ ಪ್ರಮಾಣದ 486. ಕೂರಿಸಿದ ಕೂಡಲೇ ಹಳೆಯ ಚಿಪ್ಪನ್ನು ಮಲಗಿಸಿ ಪೂರ್ತಿ ಕೆಲಸವನ್ನು ತಾನೇ ವಹಿಸಿಕೊಳ್ಳುತ್ತಿತ್ತು!

ಸೋನಿ ಪ್ಲೇಸ್ಟೇಷನ್-3ರ ಸೆಲ್ ಪ್ರೊಸೆಸರಿನಲ್ಲಿ ಎಂಟು ಸಹಾಯಕ ಘಟಕಗಳಿದ್ದವು, ಬಳಕೆಗೆ ತೆರೆದದ್ದು ಏಳು. ಎಂಟರಲ್ಲಿ ಒಂದು ಕೆಟ್ಟಿದ್ದರೂ ಚಿಪ್ ಕಸಕ್ಕೆ ಹೋಗಬಾರದೆಂಬ ಲೆಕ್ಕ. ಎಎಂಡಿಯ ಮೂರು ಕೋರಿನ ಫಿನಮ್-2 ಚಿಪ್ಪುಗಳಲ್ಲಿ ಕೆಲವನ್ನು ಬಯಾಸಿನಲ್ಲಿ ಸೂಕ್ತ ಗುಂಡಿ ಒತ್ತಿ ನಾಲ್ಕು ಕೋರಿನದಾಗಿ ಎಬ್ಬಿಸಿದವರಿದ್ದಾರೆ. ಅದೃಷ್ಟ ಕೈಕೊಟ್ಟವರಿಗೆ ನಾಲ್ಕನೆಯ ಕೋರ್ ನಿಜಕ್ಕೂ ಕೆಟ್ಟಿದ್ದೇ ಸಿಗುತ್ತಿತ್ತು. 2010ರಲ್ಲಿ ಇಂಟೆಲ್ ಒಂದು ಹೆಜ್ಜೆ ಮುಂದೆ ಹೋಗಿ, ಪೆಂಟಿಯಮ್ ಜಿ6951ರೊಳಗೆ ಬೀಗ ಹಾಕಿದ ಸೌಲಭ್ಯಗಳನ್ನು ತೆರೆಯಲು 50 ಡಾಲರಿನ ಕಾರ್ಡನ್ನೇ ಮಾರಲು ಹೊರಟಿತು. ಕೊಂಡ ವಸ್ತುವಿನ ಒಳಗಿರುವುದನ್ನೇ ಮತ್ತೆ ಕೊಳ್ಳಬೇಕೇ ಎಂದು ಜನ ಉಗಿದರು. ಯೋಜನೆ ಮರುವರ್ಷ ಮುಚ್ಚಿತು.

*

ವ್ಯಾಪಾರದ ಮಾತು ಇಷ್ಟು ಸಾಕು. ಎಚ್ಚರದ ಪಾಲಿಗೆ ಬನ್ನಿ. ನನ್ನ ಎಣಿಕೆಯಲ್ಲಿ ದೊಡ್ಡ ಪಾಲು ಅದೇ.

5 ಗಿಗಾಹರ್ಟ್ಸ್ ಎಂದರೆ ಒಂದು ಬಡಿತಕ್ಕೆ ಸಿಗುವ ಕಾಲ ಒಂದು ಸೆಕೆಂಡಿನ ಐನೂರು ಕೋಟಿಯ ಒಂದು ಪಾಲು. ಅಷ್ಟರಲ್ಲಿ ಬೆಳಕು ಕೂಡ ಕ್ರಮಿಸುವುದು 6 ಸೆಂಟಿಮೀಟರ್ ಮಾತ್ರ. ಚಿಪ್ಪಿನೊಳಗಿನ ತಂತಿಗಳಲ್ಲಿ ಸಂಕೇತ ಬೆಳಕಿಗಿಂತ ಬಹಳ ನಿಧಾನ. ಒಂದು ಬಡಿತ ಮುಗಿಯುವುದರೊಳಗೆ ಪ್ರತಿ ಸಂಕೇತವೂ ಸಾಲುಸಾಲು ಟ್ರಾನ್ಸಿಸ್ಟರ್‌ಗಳನ್ನು ದಾಟಿ ಗುರಿ ಮುಟ್ಟಿರಬೇಕು. ಚಿಪ್ಪಿನಲ್ಲಿ ಇಂಥ ಲಕ್ಷಾಂತರ ಹಾದಿಗಳಿರುತ್ತವೆ. ಅತಿ ನಿಧಾನದ ಹಾದಿ ಯಾವುದೋ ಅದೇ ಇಡೀ ಚಿಪ್ಪಿನ ವೇಗವನ್ನು ಕಟ್ಟುತ್ತದೆ. ಆ ಹಾದಿಯನ್ನು ನಿಮ್ಮ ಆಟ ವರ್ಷಕ್ಕೊಮ್ಮೆಯೂ ತುಳಿಯದಿರಬಹುದು. ಬ್ಯಾಂಕಿನ ಲೆಕ್ಕ ದಿನವೂ ತುಳಿಯಬಹುದು. ಕಂಪನಿ ಇಬ್ಬರಿಗೂ ಒಂದೇ ಡಬ್ಬಿ ಮಾರುತ್ತದೆ.

*

ಒಂದೇ ಡಬ್ಬಿ ನಾರ್ವೆಯ ಹಿಮದ ಊರಿಗೂ ಹೋಗುತ್ತದೆ, ಮೇ ತಿಂಗಳ ರಾಯಚೂರಿಗೂ ಬರುತ್ತದೆ. ರಾಯಚೂರಿನಲ್ಲಿ ಹೊರಗೆ 42 ಡಿಗ್ರಿ, ಕ್ಯಾಬಿನೆಟ್ಟಿನೊಳಗೆ ಇನ್ನೂ ಜಾಸ್ತಿ. ಫ್ಯಾನಿನ ರೆಕ್ಕೆಗೆ ವರ್ಷದ ಧೂಳು. ಕರೆಂಟು ಡಿಮ್ಮು. ಪವರ್ ಸಪ್ಲೈ ಇದ್ದದ್ದರಲ್ಲಿ ಅಗ್ಗದ್ದು. ಬಿಸಿ ಏರಿದಂತೆ ತಂತಿಗಳ ರೋಧ ಏರುತ್ತದೆ, ಸೋರಿಕೆ ಏರುತ್ತದೆ, ಸಂಕೇತ ತಡವಾಗುತ್ತದೆ. ಸಾಲದ್ದಕ್ಕೆ, ಸುಮ್ಮನಿದ್ದ ಪ್ರೊಸೆಸರಿಗೆ ಹಠಾತ್ತನೆ ಭಾರಿ ಕೆಲಸ ಬಿದ್ದಾಗ ಅದರೊಳಗಿನ ವೋಲ್ಟೇಜ್ ಒಂದು ಗಳಿಗೆ ಕುಸಿಯುತ್ತದೆ. ಇವಿಷ್ಟೂ ಒಟ್ಟಿಗೆ ಬಂದರೂ ಲೆಕ್ಕ ತಪ್ಪಬಾರದು, ವಾರಂಟಿಯ ಕೊನೆಯ ದಿನದವರೆಗೂ ತಪ್ಪಬಾರದು. ಡಬ್ಬಿಯ ಮೇಲಿನ ಅಂಕಿ ಅಷ್ಟೂ ಕೆಟ್ಟ ದಿನಗಳಿಗೆ ಕೊಟ್ಟ ಮಾತು. ತಣ್ಣನೆಯ ಕೋಣೆಯಲ್ಲಿ ದೊಡ್ಡ ಕೂಲರ್ ಹಾಕಿ ವೇಗ ಏರಿಸುವವನು ತನಗೆ ಬೇಡವಾದ ಆ ವಿಮೆಯನ್ನು ಕರಗಿಸಿಕೊಳ್ಳುತ್ತಾನೆ.

*

ಬೆಂಗಳೂರಿನಲ್ಲೇ ವಿನ್ಯಾಸಗೊಂಡ ಪ್ರೊಸೆಸರೊಂದು ಈ ವಿಷಯದಲ್ಲಿ ಒಳ್ಳೆಯ ಪಾಠ ಹೇಳುತ್ತದೆ. 2008ರ ಸೆಪ್ಟೆಂಬರಿನಲ್ಲಿ ಬಂದ ಇಂಟೆಲ್ ಝಿಯಾನ್ 7400 ಸರಣಿ ಸರ್ವರ್‌ಗಳಿಗೆ ಮಾಡಿದ ಆರು ಕೋರಿನ ಚಿಪ್, 190 ಕೋಟಿ ಟ್ರಾನ್ಸಿಸ್ಟರ್‌ಗಳದ್ದು. ಅಡ್ಡಹೆಸರು ಡನಿಂಗ್ಟನ್. ಕಂಪನಿಯ ಬೆಂಗಳೂರು ತಂಡದ ದುಡಿಮೆ. ಇದರಲ್ಲಿ ಎಕ್ಸ್7460 ಎಂಬ ಮಾದರಿಯ ವೇಗ 2.66 ಗಿಗಾಹರ್ಟ್ಸ್, ವಿದ್ಯುತ್ ಮಿತಿ 130 ವಾಟ್. ಅದೇ ಆರು ಕೋರಿನ ಎಲ್7455 ಮಾದರಿಯ ವೇಗ 2.13 ಗಿಗಾಹರ್ಟ್ಸ್, ವಿದ್ಯುತ್ 65 ವಾಟ್. ವೇಗ ಇಳಿದದ್ದು ಐದನೇ ಒಂದು ಪಾಲು, ವಿದ್ಯುತ್ ಇಳಿದದ್ದು ಸರಿಯಾಗಿ ಅರ್ಧ!

ಇದೇನು ಮಾಯೆ? ಪ್ರೊಸೆಸರಿನ ವಿದ್ಯುತ್ ಖರ್ಚು ವೇಗದ ಜತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗ ಹೆಚ್ಚಬೇಕಾದರೆ ವೋಲ್ಟೇಜೂ ಹೆಚ್ಚಬೇಕು. ಹಾಗಾಗಿ ಎರಡೂ ಒಟ್ಟಿಗೆ ಏರಿದಾಗ ಖರ್ಚು ಸುಮಾರಾಗಿ ಘನದ ಲೆಕ್ಕಕ್ಕೆ ಹತ್ತಿರ ಬರುತ್ತದೆ. 0.8ನ್ನು ಅದರಿಂದಲೇ ಎರಡು ಸಲ ಗುಣಿಸಿ ನೋಡಿ: 0.51. ಹೈಸ್ಕೂಲಿನ ಗಣಿತ ಸಾಕು. ಕೊನೆಯ ಐದನೇ ಒಂದು ಪಾಲು ವೇಗಕ್ಕೆ ಇಮ್ಮಡಿ ಕರೆಂಟು, ಅದನ್ನು ತಣಿಸಲು ಎಸಿಗೆ ಮತ್ತಷ್ಟು ಕರೆಂಟು. ಸಾವಿರಾರು ಸರ್ವರ್ ಇಟ್ಟವರು ಬೇಕೆಂದೇ ನಿಧಾನದ ಚಿಪ್ ಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

*

ಗಿಗಾಹರ್ಟ್ಸ್ ಓಟ ಒಂದು ಕಾಲಕ್ಕೆ ನಿಂತೇಹೋಯಿತು, ನೆನಪಿದೆಯೇ? ಟ್ರಾನ್ಸಿಸ್ಟರ್ ಸಣ್ಣದಾದಷ್ಟೂ ವೋಲ್ಟೇಜನ್ನೂ ಇಳಿಸಬಹುದು, ಆಗ ಬಿಸಿ ಏರದೆಯೇ ವೇಗ ಏರಿಸಬಹುದು ಎಂದು ಐಬಿಎಂನ ರಾಬರ್ಟ್ ಡೆನ್ನಾರ್ಡ್ 1974ರಲ್ಲಿ ತೋರಿಸಿದ್ದರು. ಮೂವತ್ತು ವರ್ಷ ಆ ಸೂತ್ರ ಹಾಲು ಕರೆಯಿತು. ಆಮೇಲೆ ಸೋರಿಕೆ ಹೆಚ್ಚಿ ವೋಲ್ಟೇಜ್ ಇಳಿಸುವುದೇ ಕಷ್ಟವಾಯಿತು. 2000ದಲ್ಲಿ 1.5 ಗಿಗಾಹರ್ಟ್ಸಿನಿಂದ ಹೊರಟ ಪೆಂಟಿಯಮ್-4, 2004ರಲ್ಲಿ 3.8ಕ್ಕೆ ಬಂದು ಉಬ್ಬಸಪಟ್ಟಿತು. 4 ಗಿಗಾಹರ್ಟ್ಸಿನದು ಬರುತ್ತದೆ ಎಂದು ಸಾರಿದ್ದ ಇಂಟೆಲ್ ಆ ವರ್ಷದ ಅಕ್ಟೋಬರಿನಲ್ಲಿ ಅದನ್ನು ಕೈಬಿಟ್ಟಿತು. ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಒರ್ಲಾಂಡೊದ ಸಮಾವೇಶವೊಂದರಲ್ಲಿ ತುಂಬಿದ ಸಭೆಯೆದುರು ಮಂಡಿಯೂರಿ ಕ್ಷಮೆ ಕೇಳುವ ನಾಟಕವಾಡಿದರು. ಒಂದೇ ಕೋರನ್ನು ಓಡಿಸುವ ಬದಲು ಎರಡು, ನಾಲ್ಕು, ಎಂಟು ಕೋರ್ ಕೂಡಿಸುವ ಕಾಲ ಬಂದದ್ದು ಆಮೇಲೆ.

*

ಚಿಪ್ಪಿಗೂ ಮುಪ್ಪು ಬರುತ್ತದೆ. ಅಲುಗಾಡುವ ಒಂದೂ ಭಾಗವಿಲ್ಲದ ವಸ್ತು ಸವೆಯುವುದೆಂತು ಎಂದು ಕೇಳಬಹುದು. ಕೂದಲಿಗಿಂತ ಎಷ್ಟೋ ಸಣ್ಣ ತಂತಿಗಳಲ್ಲಿ ಎಲೆಕ್ಟ್ರಾನುಗಳ ಪ್ರವಾಹ ಲೋಹದ ಪರಮಾಣುಗಳನ್ನೇ ಮೆಲ್ಲಗೆ ತಳ್ಳಿಕೊಂಡು ಹೋಗುತ್ತದೆ. ಒಂದು ಕಡೆ ಟೊಳ್ಳು, ಇನ್ನೊಂದು ಕಡೆ ಗುಡ್ಡೆ, ಕೊನೆಗೊಂದು ದಿನ ತಂತಿ ತುಂಡು. ಪ್ರವಾಹ ಮತ್ತು ಬಿಸಿ ಏರಿದಂತೆ ಆಯಸ್ಸು ಹೇಗೆ ಕುಗ್ಗುತ್ತದೆ ಎಂಬ ಸಮೀಕರಣವನ್ನು ಜೇಮ್ಸ್ ಬ್ಲ್ಯಾಕ್ 1969ರಲ್ಲೇ ಬರೆದಿಟ್ಟರು. ಪ್ರವಾಹದ ಸಾಂದ್ರತೆ ಇಮ್ಮಡಿಯಾದರೆ ಆಯಸ್ಸು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ ಎಂಬುದು ಅದರ ಸಾಮಾನ್ಯ ರೂಪ. ಬಿಸಿಯ ಏಟು ಅದರ ಮೇಲೆ ಬೇರೆ.

ಇದನ್ನು ಮುಂಚೆಯೇ ಅಳೆಯಲು, ಹೊಸ ವಿನ್ಯಾಸದ ಮಾದರಿಗಳನ್ನು ಸಾಮಾನ್ಯವಾಗಿ 125 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ 1000 ಗಂಟೆ ಎಡೆಬಿಡದೆ ಓಡಿಸಿ ನೋಡುತ್ತಾರೆ. ಸುಮಾರು ಆರು ವಾರ ಕುದಿಸಿ ಹಲವು ವರ್ಷಗಳ ಮುಪ್ಪನ್ನು ಮೊದಲೇ ಬರಿಸುವ ಉಪಾಯ.

ಈ ಲೆಕ್ಕವನ್ನು ಮೀರಿದರೆ? 2002ರ ಸುಮಾರಿಗೆ ನಾರ್ತ್‌ವುಡ್ ಪೀಳಿಗೆಯ ಪೆಂಟಿಯಮ್-4ಗೆ 1.7 ವೋಲ್ಟಿಗಿಂತ ಹೆಚ್ಚು ಕೊಟ್ಟು ಓಡಿಸಿದವರ ಚಿಪ್ಪುಗಳು ಕೆಲವು ವಾರ ಅಥವಾ ತಿಂಗಳುಗಳಲ್ಲಿ ಸತ್ತವು. 'ನಾರ್ತ್‌ವುಡ್‌ನ ಹಠಾತ್ ಸಾವು' ಎಂದೇ ಆ ಕಾಯಿಲೆಗೆ ಹೆಸರು ಬಿತ್ತು.

*

ಕಂಪನಿಯೇ ತನ್ನ ಚಿಪ್ಪನ್ನು ಓವರ್‌ಕ್ಲಾಕ್ ಮಾಡಿ ಮಾರಿ ಕೈ ಸುಟ್ಟುಕೊಂಡದ್ದೂ ಉಂಟು. 2000ನೇ ಇಸವಿಯ ಮಾರ್ಚ್ 6ರಂದು ಎಎಂಡಿ ತನ್ನ ಅಥ್ಲಾನ್ ಮೂಲಕ 1 ಗಿಗಾಹರ್ಟ್ಸ್ ಗೆರೆ ದಾಟಿತು. ಎರಡೇ ದಿನದಲ್ಲಿ ಇಂಟೆಲ್ಲೂ ದಾಟಿತು. ಹಟಕ್ಕೆ ಬಿದ್ದು ಜುಲೈ ಕೊನೆಗೆ 1.13 ಗಿಗಾಹರ್ಟ್ಸಿನ ಪೆಂಟಿಯಮ್-3 ತಂದಿತು. ಟಾಮ್ಸ್ ಹಾರ್ಡ್‌ವೇರ್‌ನ ಥಾಮಸ್ ಪಾಬ್ಸ್ಟ್ ಮತ್ತು ಹಾರ್ಡ್‌ಓಸಿಪಿಯ ಕೈಲ್ ಬೆನೆಟ್ ಎಂಬ ವಿಮರ್ಶಕರು ಅದರಲ್ಲಿ ಲಿನಕ್ಸ್ ಕರ್ನೆಲ್ ಕಂಪೈಲ್ ಮಾಡಲು ಹೋದರೆ ಕೆಲಸ ಪೂರ್ತಿಯಾಗುತ್ತಿರಲಿಲ್ಲ. ಉಳಿದೆಲ್ಲ ಪರೀಕ್ಷೆಗಳಲ್ಲಿ ಹೆಚ್ಚುಕಡಿಮೆ ಪಾಸು, ಇದೊಂದರಲ್ಲಿ ಫೇಲು. ತಿಂಗಳೊಳಗೆ ಇಂಟೆಲ್ ಎಲ್ಲ ಚಿಪ್ಪುಗಳನ್ನೂ ವಾಪಸ್ ಕರೆಸಿಕೊಂಡಿತು. ಅದೇ ವೇಗದ ಪೆಂಟಿಯಮ್-3 ಸರಿಯಾಗಿ ಬರಲು ಮರುವರ್ಷದವರೆಗೆ ಕಾಯಬೇಕಾಯಿತು.

2011ರ ಜನವರಿಯ ಕತೆ ಇನ್ನೂ ಸೂಕ್ಷ್ಮ. ಅದೇ ಕಂಪನಿಯ ಚಿಪ್‌ಸೆಟ್ ಒಂದರಲ್ಲಿ ಒಂದೇ ಒಂದು ಬಗೆಯ ಟ್ರಾನ್ಸಿಸ್ಟರಿಗೆ ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಹೋಗುತ್ತಿತ್ತು. ಹೊಸದರಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ವರ್ಷಗಳು ಉರುಳಿದಂತೆ ಹಾರ್ಡ್‌ಡಿಸ್ಕಿನ ಕೆಲವು ಪೋರ್ಟುಗಳು ಸೊರಗುವ ಅಪಾಯವಿತ್ತು. ಬದಲಾಯಿಸಿ ಕೊಡುವ ಖರ್ಚು ಸುಮಾರು 70 ಕೋಟಿ ಡಾಲರ್ ಎಂದು ಇಂಟೆಲ್ ತಾನೇ ಅಂದಾಜಿಸಿತು.

*

ಓವರ್‌ಕ್ಲಾಕ್ ಆದ ಯಂತ್ರ ಕೆಟ್ಟು ನಿಂತರೆ ಅದು ಪುಣ್ಯ. ನಿಲ್ಲದೆ ತಪ್ಪು ಉತ್ತರ ಕೊಟ್ಟರೆ? ಮೈಕ್ರೋಸಾಫ್ಟ್‌ನ ಎಂಜಿನಿಯರ್ ರೇಮಂಡ್ ಚೆನ್ 2005ರಲ್ಲಿ ಒಂದು ಸ್ವಾರಸ್ಯ ಹೇಳಿದ್ದರು. ವಿಂಡೋಸ್ ಕುಸಿತದ ವರದಿಗಳಲ್ಲಿ ಕೆಲವು, ಒಂದು ರಿಜಿಸ್ಟರನ್ನು ಸೊನ್ನೆ ಮಾಡುವ ಸಾದಾ ಆದೇಶದ ಮೇಲೆಯೇ ಆಗಿದ್ದವು. ಅದು ತಪ್ಪಲು ಸಾಧ್ಯವೇ ಇಲ್ಲದ ಆದೇಶ. ಬೆನ್ನು ಹತ್ತಿ ವಿಚಾರಿಸಿದರೆ ಓವರ್‌ಕ್ಲಾಕಿಂಗ್ ಹೊರಬಿತ್ತು. ಹಲವು ಮಾಲೀಕರಿಗೆ ತಮ್ಮ ಯಂತ್ರದ ವೇಗ ಏರಿದೆ ಎಂಬುದೇ ಗೊತ್ತಿರಲಿಲ್ಲ. ಅಗ್ಗದ ಚಿಪ್ ಹಾಕಿ, ವೇಗ ಏರಿಸಿ, ದುಬಾರಿಯದೆಂದು ಮಾರಿದ ಅಂಗಡಿಯವರ ಕೈಚಳಕ ಅದು.

2011ರಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ಸುಮಾರು 10 ಲಕ್ಷ ಪಿಸಿಗಳ ದಾಖಲೆ ಜಾಲಾಡಿದರು. ವೇಗ ಏರಿಸಿದ ಯಂತ್ರಗಳು ಹೆಚ್ಚು ಕುಸಿಯುತ್ತವೆ ಎಂಬುದು ನಿರೀಕ್ಷಿತವೇ. ನಿಗದಿಗಿಂತ ವೇಗ ಇಳಿಸಿದ ಯಂತ್ರಗಳು ಮಾಮೂಲಿ ಯಂತ್ರಗಳಿಗಿಂತಲೂ ಗಟ್ಟಿ ಎಂಬುದೂ ಅದರಲ್ಲಿ ಕಂಡಿತು. ಅಂದರೆ ಡಬ್ಬಿಯ ಮೇಲಿನ ಅಂಕಿಯಲ್ಲೂ ಅಪಾಯ ಪೂರ್ತಿ ಸೊನ್ನೆಯಲ್ಲ. 2021ರಲ್ಲಿ ಗೂಗಲ್ ಎಂಜಿನಿಯರುಗಳು ಇದಕ್ಕೆ ಸಾಕ್ಷಿ ಕೊಟ್ಟರು. ಕೆಲವು ಸಾವಿರ ಸರ್ವರ್‌ಗಳಲ್ಲಿ ಒಂದೆರಡು ಕೋರ್‌ಗಳು ನಿಗದಿತ ವೇಗದಲ್ಲಿ ಓಡುತ್ತಲೇ, ಯಾವ ಎಚ್ಚರಿಕೆಯನ್ನೂ ಕೊಡದೆ, ಆಗಾಗ ಲೆಕ್ಕ ತಪ್ಪುತ್ತಿದ್ದವು.

*

ಬಸ್ ವೇಗದ ಎಷ್ಟು ಪಟ್ಟು ಓಡಬೇಕೆಂದು ಪ್ರೊಸೆಸರಿಗೆ ಹೇಳುವ ಅಂಕಿಯೇ ಗುಣಕ. ಅದಕ್ಕೆ ಬೀಗ ಬಿದ್ದದ್ದು ಯಾಕೆ? 1990ರ ದಶಕದಲ್ಲಿ ಮೋಸಗಾರರು ಅಗ್ಗದ ಪೆಂಟಿಯಮ್ ಮೇಲಿನ ಬರಹ ಉಜ್ಜಿ, ದೊಡ್ಡ ಅಂಕಿ ಮುದ್ರಿಸಿ ಮಾರುತ್ತಿದ್ದರು. ಅದನ್ನು ತಡೆಯುವುದು ಇಂಟೆಲ್ ಮುಂದಿಟ್ಟ ಕಾರಣ. ತನ್ನ ದುಬಾರಿ ಮಾದರಿಗಳೂ ಅದರಿಂದ ಉಳಿದವು ಎಂಬುದನ್ನು ಬೇರೆ ಹೇಳಬೇಕಿಲ್ಲ. ಎಎಂಡಿ ಬೀಗದ ಕತೆ ತಮಾಷೆಯದು. 2000ದ ಅಥ್ಲಾನ್ ಮತ್ತು ಡ್ಯೂರಾನ್ ಚಿಪ್ಪುಗಳ ಮೇಲ್ಮೈಯಲ್ಲಿ ಲೇಸರಿನಿಂದ ಕತ್ತರಿಸಿದ ಪುಟ್ಟ ಸೇತುವೆಗಳು ಬರಿಗಣ್ಣಿಗೇ ಕಾಣುತ್ತಿದ್ದವು. ಮಕ್ಕಳ ಕಂಪಾಸು ಪೆಟ್ಟಿಗೆಯ ಪೆನ್ಸಿಲ್ ತೆಗೆದು ಅಲ್ಲೊಂದು ಗೆರೆ ಎಳೆದರೆ ಮುಗಿಯಿತು. ಗ್ರಾಫೈಟಿನಲ್ಲಿ ವಿದ್ಯುತ್ ಹರಿದು ಬೀಗ ತೆರೆಯುತ್ತಿತ್ತು!

*

ಮಂಗಳದ ಮೇಲೆ 2012ರಿಂದ ಓಡಾಡುತ್ತಿರುವ ಕ್ಯೂರಿಯಾಸಿಟಿ ಬಂಡಿಯ ಮಿದುಳು ಆರ್‌ಎಡಿ750. ವೇಗ ಹೆಚ್ಚೆಂದರೆ 200 ಮೆಗಾಹರ್ಟ್ಸ್. ಅದರ ಮೂಲವಾದ ಪವರ್‌ಪಿಸಿ 750, 1998ರ ಆ್ಯಪಲ್ ಐಮ್ಯಾಕಿನಲ್ಲಿ 233 ಮೆಗಾಹರ್ಟ್ಸಿನಲ್ಲಿ ಓಡುತ್ತಿತ್ತು. ವಿಕಿರಣದ ಹೊಡೆತ ತಡೆಯಲು ಕಟ್ಟಿದ ಚಿಪ್ಪು ವೇಗಕ್ಕೆ ಆಸೆಪಡುವುದಿಲ್ಲ. ರಿಪೇರಿಯವನು ಅಲ್ಲಿಗೆ ಬರಲಾರ.

*

ದಾಖಲೆಗಳ ಕಡೆ ಒಂದು ನೋಟ. 2011ರಲ್ಲಿ ಎಎಂಡಿಯ ಎಫ್‌ಎಕ್ಸ್-8150 ಚಿಪ್ 8.429 ಗಿಗಾಹರ್ಟ್ಸ್ ಮುಟ್ಟಿ ಗಿನ್ನೆಸ್ ಪುಸ್ತಕ ಸೇರಿತು. ಅಂಗಡಿಯಲ್ಲಿ ಅದರ ವೇಗ 3.6. 2022ರ ಕೊನೆಗೆ ಏಸಸ್ ಕಂಪನಿಯ ತಂಡ ಇಂಟೆಲ್ ಕೋರ್ ಐ9-13900ಕೆ ಚಿಪ್ಪನ್ನು 9 ಗಿಗಾಹರ್ಟ್ಸ್ ದಾಟಿಸಿತು. ತಣಿಸಲು ಬಳಸಿದ್ದು ದ್ರವ ಹೀಲಿಯಮ್. ಅದು ಕುದಿಯುವುದೇ ಮೈನಸ್ 269 ಡಿಗ್ರಿಯಲ್ಲಿ! ಆದರೆ ಇಂಥ ದಾಖಲೆ ಉಳಿಯುವುದು ಕೆಲವೇ ಕ್ಷಣ. ಆ ವೇಗದಲ್ಲಿ ಒಂದು ಎಕ್ಸೆಲ್ ಹಾಳೆ ತೆರೆಯುತ್ತೇನೆಂದರೆ ದೇವರೇ ಗತಿ.

*

ಹಾಗಾದರೆ ಇವತ್ತು ಕೊಳ್ಳುವ ಪ್ರೊಸೆಸರಿನಲ್ಲಿ ಎಷ್ಟು ದಮ್ಮು ಉಳಿದಿದೆ? ಬಹಳ ಕಡಿಮೆ. 2008ರ ನವೆಂಬರಿನಲ್ಲಿ ಬಂದ ಕೋರ್ ಐ7ರಲ್ಲಿ ಟರ್ಬೋ ಬೂಸ್ಟ್ ಎಂಬ ವ್ಯವಸ್ಥೆ ಇತ್ತು. ಬಿಸಿ ಮತ್ತು ವಿದ್ಯುತ್ತು ಮಿತಿಯೊಳಗಿದ್ದರೆ ಚಿಪ್ ತಾನಾಗಿ 2.66ರಿಂದ 2.93ಕ್ಕೆ ಏರುತ್ತಿತ್ತು. ಮೊದಲಿಗೆ ಅದು ಸಣ್ಣ ಬೋನಸ್ಸು. 2024ರ ಕೋರ್ ಐ9-14900ಕೆಎಸ್ ನೋಡಿ: ಮೂಲ ವೇಗ 3.2, ಟರ್ಬೋ 6.2 ಗಿಗಾಹರ್ಟ್ಸ್. ಹಿಂದೆ ಹವ್ಯಾಸಿ ರಾತ್ರಿಯೆಲ್ಲ ಕೂತು ಹಿಂಡುತ್ತಿದ್ದ ರಸವನ್ನು ಈಗ ಕಂಪನಿಯೇ ಹಿಂಡಿ ಬಾಟಲಿಗೆ ತುಂಬಿ ಕೊಡುತ್ತದೆ. ಪ್ರತಿ ಚಿಪ್ಪಿಗೂ ಎಷ್ಟು ವೋಲ್ಟೇಜ್ ಬೇಕೆಂಬ ಪಟ್ಟಿಯನ್ನು ಕಾರ್ಖಾನೆಯಲ್ಲೇ ಅದರೊಳಗೆ ಬರೆದಿರುತ್ತಾರೆ.

ಇದರ ಬಿಸಿ ತಟ್ಟಿದ್ದು ಯಾರಿಗೆ? ಅಮೆರಿಕದಲ್ಲಿ ಸಿಲಿಕಾನ್ ಲಾಟರಿ ಎಂಬ ಅಂಗಡಿಯಿತ್ತು. ಚಿಪ್ಪುಗಳನ್ನು ಕೊಂಡು, ಪರೀಕ್ಷಿಸಿ, ಚೆನ್ನಾಗಿ ಓಡುವುದನ್ನು ಹೆಚ್ಚಿನ ಬೆಲೆಗೆ ಮಾರುವುದೇ ಅದರ ಕಸುಬು. ಏರಿಸಲು ಜಾಗವೇ ಉಳಿಯದೆ 2021ರಲ್ಲಿ ಬಾಗಿಲು ಹಾಕಿತು. ಓವರ್‌ಕ್ಲಾಕ್ ಮಾಡಿ ಸುಟ್ಟರೂ ಒಮ್ಮೆ ಬದಲಿ ಕೊಡುತ್ತೇವೆಂದು ಇಂಟೆಲ್ 2012ರಲ್ಲಿ ತಂದಿದ್ದ ಹೆಚ್ಚುವರಿ ಶುಲ್ಕದ ಯೋಜನೆಯೂ ಅದೇ ವರ್ಷ ನಿಂತಿತು.

ಧಾರಾಳ ತೋರಿಸಿದ್ದು ರಾಸ್ಪ್‌ಬೆರಿ ಪೈ ತಂಡ. 2012ರಲ್ಲಿ 700 ಮೆಗಾಹರ್ಟ್ಸಿನಲ್ಲಿ ಬಂದ ಆ ಅಗ್ಗದ ಪುಟ್ಟ ಗಣಕಕ್ಕೆ ಅದೇ ವರ್ಷ ಸೆಪ್ಟೆಂಬರಿನಲ್ಲಿ 1 ಗಿಗಾಹರ್ಟ್ಸ್ ತನಕ ಏರುವ ಟರ್ಬೋ ಕೊಟ್ಟು, ವಾರಂಟಿಗೆ ಧಕ್ಕೆಯಿಲ್ಲ ಎಂದಿತು. ಬಿಸಿ 85 ಡಿಗ್ರಿ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುವ ಬುದ್ಧಿಯೂ ಅದಕ್ಕಿತ್ತು.

*

ಎಚ್ಚರಕ್ಕೆಂದು ಬಿಡುವ ಅಂಚನ್ನು ಪೂರ್ತಿ ಸವರಿಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಉತ್ತರ 2024ರಲ್ಲಿ ಸಿಕ್ಕಿತು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್ಪುಗಳು, ಯಾರೂ ಓವರ್‌ಕ್ಲಾಕ್ ಮಾಡದಿದ್ದರೂ, ಕೆಲವು ತಿಂಗಳ ಬಳಕೆಯಲ್ಲೇ ಆಟಗಳ ನಡುವೆ ಕುಸಿಯತೊಡಗಿದ್ದವು. ಹೆಚ್ಚು ವೋಲ್ಟೇಜ್ ಮತ್ತು ಬಿಸಿ ಸೇರಿ ಕೋರಿನೊಳಗಿನ ಗಡಿಯಾರದ ಮಂಡಲವನ್ನೇ ಅಕಾಲದಲ್ಲಿ ಮುದಿಯಾಗಿಸುತ್ತಿವೆ ಎಂದು ಕಂಪನಿ ಸೆಪ್ಟೆಂಬರಿನಲ್ಲಿ ಒಪ್ಪಿಕೊಂಡಿತು. ಇಡೀ ಚಿಪ್ಪಿಗೆ ತಾಳ ಹಾಕುವ ಭಾಗವೇ ತಾಳ ತಪ್ಪಿತ್ತು! ವೋಲ್ಟೇಜಿಗೆ ಕಡಿವಾಣ ಹಾಕುವ, ಬಯಾಸ್ ಮೂಲಕ ಹಾಕುವ ಮೈಕ್ರೋಕೋಡ್ ತಿದ್ದುಪಡಿ ಆಗಸ್ಟಿನಲ್ಲೇ ಬಂದಿತ್ತು. ಡಬ್ಬಿ ಸಮೇತ ಕೊಂಡ ಬಾಧಿತ ಮಾದರಿಗಳ ವಾರಂಟಿ ಮೂರು ವರ್ಷದಿಂದ ಐದಕ್ಕೆ ಏರಿತು. ಎಎಂಡಿಯೂ ಇದಕ್ಕೆ ಹೊರತಲ್ಲ. 2023ರಲ್ಲಿ ಕೆಲವು ರೈಜನ್ 7000 ಚಿಪ್ಪುಗಳು ಸಾಕೆಟ್ಟಿನಲ್ಲೇ ಸುಟ್ಟು ಉಬ್ಬಿದಾಗ, ಮದರ್‌ಬೋರ್ಡುಗಳು ಕೊಡುವ ಒಂದು ವೋಲ್ಟೇಜಿಗೆ 1.3 ವೋಲ್ಟಿನ ಮಿತಿ ಹಾಕಬೇಕಾಯಿತು.

ಸೆಲೆರಾನ್ ಕಾಲದಲ್ಲಿ ಕಂಪನಿ ಉಳಿಸಿದ್ದ ಅಂಚು ಗಿರಾಕಿಯ ಪಾಲಿನ ಲಾಭವಾಗಿತ್ತು. ಈಗ ಆ ಅಂಚು ಜಾಹೀರಾತಿನ ಅಂಕಿಯೊಳಗೆ ಸೇರಿಹೋಗಿದೆ. ಯಾವುದು ಒಳ್ಳೆಯದೆಂದು ಕೇಳಿದರೆ, ನನ್ನ ಓಟು ಹಳೆಯ ಜಿಪುಣತನಕ್ಕೆ.

ನೀವು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಸೆಂಬಲ್ಡ್ ಪಿಸಿ ಕಟ್ಟಿಸಲು ಹೊರಟಿದ್ದರೆ ಒಂದು ಮಾತು. ಹೆಸರಿನ ಕೊನೆಗೆ 'ಕೆ' ಇರುವ ಇಂಟೆಲ್ ಚಿಪ್ಪಿಗೆ ಹೆಚ್ಚು ದುಡ್ಡು ಕೊಡುವ ಮುನ್ನ, ಅದನ್ನು ನಿಜಕ್ಕೂ ಏರಿಸುತ್ತೀರಾ ಎಂದು ಯೋಚಿಸಿ. ಏರಿಸಲು 'ಝಡ್' ಸರಣಿಯ ಮದರ್‌ಬೋರ್ಡೂ ಬೇಕು, ಒಳ್ಳೆಯ ಕೂಲರೂ ಬೇಕು. ಅದೇ ಹಣಕ್ಕೆ ಹೆಚ್ಚು ರ್‍ಯಾಮ್ ಬಂದೀತು. ಮನೆಯಲ್ಲಿ ಈಗಾಗಲೇ 13 ಅಥವಾ 14ನೇ ತಲೆಮಾರಿನ ಕೋರ್ ಐ7, ಐ9 ಡೆಸ್ಕ್‌ಟಾಪ್ ಇದೆಯೇ? ಹಾಗಿದ್ದರೆ ಬಯಾಸಿನ ದಿನಾಂಕ ನೋಡಿ. 2024ರ ಆಗಸ್ಟಿಗಿಂತ ಹಳೆಯದಾಗಿದ್ದರೆ ಈ ವಾರವೇ ಹೊಸದು ಹಾಕಿಸಿ, ಬಿಲ್ಲನ್ನು ಜೋಪಾನವಾಗಿ ಎತ್ತಿಡಿ.